ಬಾವುಟ ಬಿಟ್ಟೆ, ದೂರು ಹಿಡಿದೆ: ನ್ಯೂಜಿಲೆಂಡ್–ಆಸ್ಟ್ರೇಲಿಯಾ ಒಕ್ಕೂಟದ ಪ್ರಚಾರದಲ್ಲಿ ನನ್ನ ಅನುಭವ

ನಮ್ಮ ಪಕ್ಷದ ಪ್ರಾದೇಶಿಕ ಸಭೆಯಲ್ಲಿ ಕೊನೆಗೂ ನನ್ನ ಠರಾವು ಪಾಸಾಯಿತು. ಎರಡು ದೇಶಗಳ ಒಕ್ಕೂಟದತ್ತ ಮೊದಲ ಹೆಜ್ಜೆಯಾಗಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಎರಡೂ ಸಂಸತ್ತುಗಳ ಸದಸ್ಯರು ಕೂತು ಮಾತಾಡುವ ಒಂದು ಕಾಯಂ ಜಂಟಿ ಸಮಿತಿ ಬೇಕು, ಇಷ್ಟೇ ಅದರ ಸಾರ. ಸುಮಾರು ಅರವತ್ತು ಜನ ಇದ್ದರು, ವಿರೋಧಿಸಿ ಕೈ ಎತ್ತಿದವರು ಹತ್ತೋ ಹನ್ನೆರಡೋ. ಇಲ್ಲಿ ನ್ಯೂಜಿಲೆಂಡ್‌ನ ಹ್ಯಾಮಿಲ್ಟನ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರು "ಏನ್ರೀ, ಎರಡು ದೇಶ ಸೇರಿಸಿಬಿಟ್ರಾ?" ಅಂತ ವರ್ಷಗಟ್ಟಲೆ ಕಿಚಾಯಿಸಿದ್ದರು. ಈಗ ಅವರಲ್ಲೇ ಇಬ್ಬರು ಠರಾವು ಬರೆಯೋದು ಹೇಗೆ ಅಂತ ಕೇಳುತ್ತಿದ್ದಾರೆ. ಸಂತೋಷ.

ಸಂತೆಯಲ್ಲಿ ಟೇಬಲ್ ಹಾಕಿ, ಸಹಿ ಹಿಡಿದು ಅಭ್ಯಾಸ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಒಕ್ಕೂಟ ಯಾಕೆ ಬೇಕು ಅನ್ನೋದನ್ನು ಬುಡದಿಂದ ಹೇಳಲ್ಲ.

ಮೊದಲು ಎಲ್ಲರ ಹಾಗೆ ನಾನೂ ಎರಡು ಬಾವುಟದ ದೊಡ್ಡ ಬ್ಯಾನರ್ ಮಾಡಿಸಿದೆ. ಬ್ಯಾನರ್, ಬಣ್ಣದ ಕರಪತ್ರ, ಸಂತೆಯ ಜಾಗದ ಬಾಡಿಗೆ ಎಲ್ಲಾ ಸೇರಿ ಸಾವಿರದ ಐನೂರು ಡಾಲರ್ ಹತ್ತಿರ ಹೋಯಿತು, ಪೂರ್ತಿ ನನ್ನ ಜೇಬಿನಿಂದ. ಬಾವುಟ ಕಂಡ ತಕ್ಷಣ ಜನ ಕ್ರಿಕೆಟ್‌ಗೆ ಹೊರಳುತ್ತಾರೆ. 1981ರಲ್ಲಿ ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡ್ ಸಿಕ್ಸರ್ ಹೊಡೆಯದಿರಲಿ ಅಂತ ಆಸ್ಟ್ರೇಲಿಯಾದ ಟ್ರೆವರ್ ಚಾಪೆಲ್ ನೆಲದ ಮೇಲೆ ಉರುಳಿಸಿದ ಆ ಕೊನೆಯ ಚೆಂಡನ್ನು ಇಲ್ಲಿ ಯಾರೂ ಮರೆತಿಲ್ಲ. ಆಗ ಹುಟ್ಟೇ ಇರದ ಹುಡುಗರೂ ನನಗೆ ಅದನ್ನು ವಿವರಿಸಿ ಹೇಳಿದರು! ಸಹಿ ಮಾತ್ರ ಬೀಳಲಿಲ್ಲ.

ಆಮೇಲೆ ಇತಿಹಾಸ ಹಿಡಿದೆ. ಆಸ್ಟ್ರೇಲಿಯಾ ಸಂವಿಧಾನದ ಶುರುವಿನಲ್ಲೇ ರಾಜ್ಯ ಆಗಬಹುದಾದ ವಸಾಹತುಗಳ ಪಟ್ಟಿ ಇದೆ. ಅದರಲ್ಲಿ ನ್ಯೂಜಿಲೆಂಡ್ ಹೆಸರು ಇವತ್ತಿಗೂ ಇದೆ. ಇದು ಬ್ರಹ್ಮಾಸ್ತ್ರ ಅಂದುಕೊಂಡು ಗ್ರಂಥಾಲಯದ ಸಭೆಗಳಲ್ಲಿ ಹೇಳಿದೆ. ಮುಂದಿನ ಸಾಲಿನ ಅಜ್ಜ ಒಬ್ಬರು ಸಮಾಧಾನವಾಗಿ ಉತ್ತರ ಕೊಟ್ಟರು: 1890ರಲ್ಲೇ ನ್ಯೂಜಿಲೆಂಡ್‌ನ ಮಾಜಿ ಪ್ರಧಾನಿ ಜಾನ್ ಹಾಲ್ ಮಧ್ಯದ 1200 ಮೈಲಿ ಸಮುದ್ರ ಅಂದರೆ 1200 ಅಡ್ಡಿ ಅಂದಿದ್ದರು, 1901ರಲ್ಲಿ ಇದನ್ನು ಪರಿಶೀಲಿಸಿದ ನ್ಯೂಜಿಲೆಂಡ್‌ನ ರಾಯಲ್ ಕಮಿಷನ್ ಕೂಡ ಬೇಡ ಅಂತು, ಮತ್ತೆ ಯಾಕೆ ಕೇಳ್ತೀರಿ? ಇತಿಹಾಸ ಅವರ ಕಡೆಗೂ ಅಷ್ಟೇ ಇತ್ತು.

ಆನ್‌ಲೈನ್ ಜಾಹೀರಾತಿಗೆ ಆರುನೂರು ಡಾಲರ್ ಸುರಿದೆ. ಒತ್ತಿದವರಲ್ಲಿ ಜಾಸ್ತಿ ಜನ ಮೊದಲೇ ಒಪ್ಪಿದ್ದವರು. ಜನಮತ ಸಂಗ್ರಹಕ್ಕೆ ಅರ್ಜಿ ಹಾಕೋಣ ಅಂತ ಒಬ್ಬರು ಹಟ ಹಿಡಿದರು. ಅದಕ್ಕೆ 12 ತಿಂಗಳಲ್ಲಿ ಶೇ 10ರಷ್ಟು ಮತದಾರರ ಸಹಿ ಬೇಕು, ಅಂದರೆ 3 ಲಕ್ಷಕ್ಕೂ ಮೇಲೆ. ಆ ದಾರಿ ಬಿಟ್ಟೆ.

ದಾರಿ ತೆರೆದದ್ದು ಪ್ರಶ್ನೆ ಬದಲಾಯಿಸಿದಾಗ. "ಒಂದಾಗಬೇಕಾ?" ಅಂತ ಕೇಳೋದನ್ನೇ ನಿಲ್ಲಿಸಿದೆ. "ಆ ಕಡೆ ಹೋದಾಗ ನಿಮ್ಮ ಯಾವ ಕೆಲಸ ಸಿಕ್ಕಿಹಾಕಿಕೊಂಡಿತು?" ಅಂತ ಕೇಳಿದೆ. ಇಲ್ಲಿ ಪ್ರತಿ ಮನೆಯಲ್ಲೂ ಬ್ರಿಸ್ಬೇನ್‌ನಲ್ಲೋ ಪರ್ತ್‌ನಲ್ಲೋ ಒಬ್ಬ ಮಗ, ಒಬ್ಬ ತಂಗಿ ಇರುತ್ತಾರೆ. ದೂರು ತಾನಾಗೇ ಬಂತು. 1973ರಿಂದ ಎರಡೂ ಕಡೆ ಹೋಗಿ ಬದುಕಬಹುದು ನಿಜ. ಆದರೆ 2001ರಲ್ಲಿ ಆಸ್ಟ್ರೇಲಿಯಾ ಸರ್ಕಾರಿ ನೆರವು ಬಿಗಿ ಮಾಡಿತು. ನಾಲ್ಕು ವರ್ಷ ಇದ್ದರೆ ನೇರ ಪೌರತ್ವ ಅನ್ನೋದು ಸಿಕ್ಕಿದ್ದು 2023ರ ಜುಲೈಯಲ್ಲಿ. ಇನ್ನೊಂದು ನೋಡಿ: ಅಲ್ಲಿಂದ ಬಂದು ಇಲ್ಲಿ ನೆಲೆಸಿದವರು ಒಂದು ವರ್ಷ ಕಳೆದರೆ ಪೌರತ್ವ ಇಲ್ಲದೆಯೇ ನಮ್ಮ ಸಂಸತ್ತಿಗೆ ಮತ ಹಾಕಬಹುದು. ನಮ್ಮವರು ಅಲ್ಲಿ ಹತ್ತು ವರ್ಷ ತೆರಿಗೆ ಕಟ್ಟಿದರೂ ಪೌರತ್ವ ಇಲ್ಲದೆ ಅವರ ಸಂಸತ್ತಿಗೆ ಮತ ಇಲ್ಲ. ಇದನ್ನು ಹೇಳಿದರೆ ತರಕಾರಿ ಚೀಲ ಕೆಳಗಿಟ್ಟು ನಿಂತು ಕೇಳುತ್ತಾರೆ.

ದೂರುಗಳನ್ನು ಕಪ್ಪು-ಬಿಳುಪು ಹಾಳೆಯಲ್ಲಿ ಬರೆದುಕೊಂಡೆ. ಖರ್ಚು ಐವತ್ತು ಡಾಲರ್ ಕೂಡ ಇಲ್ಲ. ಅವನ್ನೇ ಠರಾವಿನ ಹಿಂದೆ ಲಗತ್ತಿಸಿದೆ. ಜತೆಗೆ ಒಂದು ಹಳೆಯ ಕಡತ ಕೆದಕಿದೆ. 2006ರಲ್ಲಿ ಆಸ್ಟ್ರೇಲಿಯಾ ಸಂಸತ್ತಿನ ಸಮಿತಿಯೊಂದು ಇಂಥದೇ ಜಂಟಿ ಸಮಿತಿಗೆ ಶಿಫಾರಸು ಮಾಡಿತ್ತು. "ಹೊಸದೇನೂ ಕೇಳುತ್ತಿಲ್ಲ, ಬಾಕಿ ಇರುವುದನ್ನು ಕೇಳುತ್ತಿದ್ದೇವೆ" ಅಂದಾಗ ಅರ್ಧ ವಿರೋಧ ಕರಗಿತು. ಆಹಾರದ ಗುಣಮಟ್ಟಕ್ಕೆ ಎರಡೂ ದೇಶಕ್ಕೆ ಒಂದೇ ಸಂಸ್ಥೆ ಇದೆ, ನಡೆಯುತ್ತಿದೆ. ಔಷಧಿಗೆ ಅಂಥದೇ ಸಂಸ್ಥೆ ಮಾಡಲು ಹೋಗಿ 2014ರಲ್ಲಿ ಕೈಬಿಟ್ಟರು. ಮೇಲೆ ಕೂತು ಒತ್ತಡ ಹಾಕುವ ರಾಜಕೀಯ ವೇದಿಕೆ ಇಲ್ಲದಿದ್ದರೆ ಹೀಗೇ ಆಗೋದು ಅನ್ನೋದು ನನ್ನ ಅಭಿಪ್ರಾಯ.

ನಡುವೆ ಒಂದು ಪ್ರಯೋಗ ಮಾಡಿದೆ. ನಾನು ಧಾರವಾಡದ ಕಡೆಯವನು, ಏಕೀಕರಣದ ಕಥೆ ಕೇಳುತ್ತಾ ಬೆಳೆದವನು. 1956ರಲ್ಲಿ ಕೊಡಗು ಅನ್ನೋ ಪುಟ್ಟ ರಾಜ್ಯ ದೊಡ್ಡ ಮೈಸೂರಿಗೆ ಸೇರಿದ್ದನ್ನು ಒಂದು ಸಭೆಯಲ್ಲಿ ಹೇಳಿದೆ. "ಅಲ್ಲಿನವರಿಗೆ ಈಗ ಸಮಾಧಾನ ಇದೆಯಾ?" ಅಂತ ಒಬ್ಬಾಕೆ ಕೇಳಿದರು. ಪ್ರತ್ಯೇಕ ಕೊಡಗಿನ ಕೂಗು ಇನ್ನೂ ಇದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ ಕೂತೆ. ಆ ಉದಾಹರಣೆ ಮತ್ತೆ ಬಳಸಿಲ್ಲ.

ಟಾಸ್ಮೇನಿಯಾ ಉದಾಹರಣೆ ಮಾತ್ರ ಚೆನ್ನಾಗಿ ನಡೆಯುತ್ತದೆ. ಐದೂವರೆ ಲಕ್ಷ ಚಿಲ್ಲರೆ ಜನರ ಆ ದ್ವೀಪ ರಾಜ್ಯಕ್ಕೆ ಆಸ್ಟ್ರೇಲಿಯಾದ ಮೇಲ್ಮನೆಯಲ್ಲಿ 12 ಸೆನೆಟರ್, 80 ಲಕ್ಷ ದಾಟಿದ ನ್ಯೂ ಸೌತ್ ವೇಲ್ಸ್‌ಗೂ 12. ಆದರೆ ಹುಷಾರು. ಈ ಸಮಪಾಲು ಮೂಲ ರಾಜ್ಯಗಳಿಗೆ ಮಾತ್ರ ಖಾತ್ರಿ. ಹೊಸದಾಗಿ ಸೇರುವವರ ಷರತ್ತನ್ನು ಅಲ್ಲಿನ ಸಂಸತ್ತು ತೀರ್ಮಾನಿಸುತ್ತದೆ. ಸಭೆಯಲ್ಲಿ ವಕೀಲರಿದ್ದರೆ ಇದನ್ನು ನೀವೇ ಮೊದಲು ಹೇಳಿಬಿಡಿ.

ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿ ಜನರ ಪ್ರಶ್ನೆಗೆ ಮಾತ್ರ ಜಾಣತನ ನಡೆಯಲ್ಲ. ಬ್ರಿಟಿಷರು ಅವರ ಜತೆ ಮಾಡಿಕೊಂಡ 1840ರ ವೈಟಾಂಗಿ ಒಪ್ಪಂದ, ನಮ್ಮ ಸಂಸತ್ತಿನಲ್ಲಿ 1867ರಿಂದ ಇರುವ ಮಾವೊರಿ ಸ್ಥಾನಗಳು ಒಕ್ಕೂಟದಲ್ಲಿ ಏನಾಗುತ್ತವೆ? ಮೂಲನಿವಾಸಿಗಳಿಗೆ ಒಂದು ಸಲಹಾ ವೇದಿಕೆ ಕೊಡುವುದನ್ನೇ 2023ರ ಜನಮತದಲ್ಲಿ ತಿರಸ್ಕರಿಸಿದ ದೇಶ ಆಸ್ಟ್ರೇಲಿಯಾ. ಸುಲಭದ ಉತ್ತರ ಇದೆ ಅನ್ನುವವರನ್ನು ನಾನು ನಂಬಲ್ಲ. ಜಂಟಿ ಸಮಿತಿಯಲ್ಲಿ ಮಾವೊರಿ ಸದಸ್ಯರು ಕಡ್ಡಾಯ ಅಂತ ಠರಾವಿನಲ್ಲಿ ಒಂದು ಸಾಲು ಸೇರಿಸಿದೆ. ಅದಕ್ಕೇ ಕೆಲವು ಮತ ಹೋದವು, ಹೋಗಲಿ.

ಮುಂದೆ ಪಕ್ಷದ ವಾರ್ಷಿಕ ಸಮಾವೇಶ. ಕೆನಡಾದ ಕನ್ಸರ್ವೇಟಿವ್ ಪಕ್ಷ 2018ರ ಹ್ಯಾಲಿಫ್ಯಾಕ್ಸ್ ಸಮಾವೇಶದಲ್ಲಿ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಈ ನಾಲ್ಕು ದೇಶಗಳ ನಡುವಿನ ಮುಕ್ತ ಓಡಾಟವನ್ನು ಭಾರಿ ಬಹುಮತದಿಂದ ಒಪ್ಪಿದ್ದೂ ಇದೇ ದಾರಿಯಲ್ಲಿ. ದೂರಿನ ಹಾಳೆಯ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇನೆ. ಅಧ್ಯಕ್ಷರನ್ನು ಮೊದಲೇ ಹೇಗೆ ಒಪ್ಪಿಸಿದೆ ಅನ್ನೋದನ್ನು ಮಾತ್ರ ಸಮಾವೇಶ ಮುಗಿಯುವವರೆಗೆ ಹೇಳಲ್ಲ.