ರಾತ್ರಿ ಪದೇಪದೇ ಏಳುತ್ತೀರಾ? ಬರೆದಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ

ಮಂಡ್ಯ ಕಡೆಯ ಜಗಲಿಗಳಲ್ಲಿ ಮಂಡಿನೋವು, ಶುಗರ್, ಬಿಪಿ ಎಲ್ಲವೂ ಮಾತಿಗೆ ಬರುತ್ತವೆ. ಮೂತ್ರದ ತೊಂದರೆಯನ್ನು ಮಾತ್ರ ಗಂಡಸರು ಹೆಂಡತಿಗೂ ಹೇಳುವುದಿಲ್ಲ. ‘ವಯಸ್ಸಾಯ್ತಲ್ಲ, ಇದ್ದದ್ದೇ’ ಅಂದುಕೊಂಡು ವರ್ಷಗಟ್ಟಲೆ ನಿದ್ದೆಗೆಡುತ್ತಾರೆ. ದಯವಿಟ್ಟು ಹಾಗೆ ಸಹಿಸಿಕೊಳ್ಳಬೇಡಿ, ಇದಕ್ಕೆ ಮದ್ದಿದೆ.

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಚೀಲದ ಕೆಳಗೆ, ಮೂತ್ರನಾಳದ ಸುತ್ತ. ಐವತ್ತರ ನಂತರ ಬಹಳ ಜನರಲ್ಲಿ ಅದು ದಪ್ಪಗಾಗಿ ನಾಳವನ್ನು ಒತ್ತುತ್ತದೆ. ಹೀಗೆ ಬೆಳೆಯುವುದೇ ಕ್ಯಾನ್ಸರ್ ಅಲ್ಲ.

ಮೊದಲು ಮೂರು ದಿನ ಲೆಕ್ಕ ಬರೆಯಿರಿ. ಅಳತೆ ಗುರುತಿರುವ ಹಳೆಯ ಪ್ಲಾಸ್ಟಿಕ್ ಜಗ್ ಒಂದನ್ನು ಇದಕ್ಕೇ ಎತ್ತಿಡಿ. ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಎಂಎಲ್ ಬಂತು, ರಾತ್ರಿ ಎಷ್ಟು ಸಲ ಎದ್ದಿರಿ, ನೀರು–ಕಾಫಿ–ಮಜ್ಜಿಗೆ ಎಷ್ಟು ಕುಡಿದಿರಿ, ಎಲ್ಲವೂ ಇರಲಿ. ಈ ಚೀಟಿಯ ಬೆಲೆ ದೊಡ್ಡದು. ಪ್ರತಿ ಸಲವೂ ತುಂಬಾ ಹೋಗುತ್ತಿದ್ದರೆ ಕಾರಣ ಶುಗರ್ ಇರಬಹುದು. ಸ್ವಲ್ಪಸ್ವಲ್ಪವೇ ಹೋಗುತ್ತಿದ್ದರೆ ಚೀಲ ಪೂರ್ತಿ ಖಾಲಿಯಾಗುತ್ತಿಲ್ಲವೇನೋ ಎಂದು ಡಾಕ್ಟರು ನೋಡುತ್ತಾರೆ.

ಜೊತೆಗೆ ಇವನ್ನೂ ಗಮನಿಸಿ: ಶುರುವಾಗಲು ತಡವೇ? ಧಾರೆ ಸಣ್ಣಗಾಗಿದೆಯೇ, ನಡುನಡುವೆ ನಿಲ್ಲುತ್ತದೆಯೇ? ತಿಣುಕಬೇಕೇ? ಮುಗಿದ ಮೇಲೂ ಉಳಿದಂತೆ ಅನಿಸುತ್ತದೆಯೇ? ಅವಸರ ಬಂದರೆ ತಡೆಯಲಾಗದೇ? ಡಾಕ್ಟರೂ ಇಂಥವೇ 7 ಪ್ರಶ್ನೆ ಕೇಳಿ 35ಕ್ಕೆ ಅಂಕ ಹಾಕುತ್ತಾರೆ. 8ರಿಂದ 19 ಮಧ್ಯಮ, 20 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ.

ಹೋಗುವಾಗ ನುಂಗುವ ಮಾತ್ರೆಗಳನ್ನೆಲ್ಲ ಒಯ್ಯಿರಿ. ಕೆಲವು ನೆಗಡಿ ಮಾತ್ರೆಗಳು ಮೂತ್ರವನ್ನು ಕಟ್ಟಿಸುತ್ತವೆ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಎಂಬ ಔಷಧಿ ಶುರುವಾದರೆ ಹಾಸಿಗೆಯಿಂದ ನಿಧಾನವಾಗಿ ಏಳಿ, ತಲೆ ಸುತ್ತಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಆ ಡಾಕ್ಟರಿಗೂ ತಿಳಿಸಿ.

ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ಸರ್ಕಾರಿ ಆಸ್ಪತ್ರೆಗಳೇ. ಮೂತ್ರ, ರಕ್ತ ಪರೀಕ್ಷೆ ಆಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದೂ ನೋಡುತ್ತಾರೆ. ಗುದದ್ವಾರದಲ್ಲಿ ಬೆರಳಿಟ್ಟು ನೋಡುವುದಕ್ಕೆ ನಾಚಬೇಡಿ, ಬೇಗ ಮುಗಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಸೇರುವ ಪ್ರೋಟೀನ್) ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ಎದೆಗುಂದಬೇಡಿ, ಸೋಂಕಿನಿಂದಲೂ ಅದು ಏರುತ್ತದೆ. ಆದರೆ ಕ್ಯಾನ್ಸರ್ ಮೊದಲಿಗೆ ಯಾವ ಲಕ್ಷಣವನ್ನೂ ತೋರದೇ ಇರಬಹುದು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಐವತ್ತಕ್ಕೆ ಕಾಯದೆ ಡಾಕ್ಟರನ್ನು ಕೇಳಿ.

ಮೂತ್ರದಲ್ಲಿ ರಕ್ತ ಒಮ್ಮೆ ಕಂಡು ನಿಂತರೂ ತೋರಿಸಲೇಬೇಕು. ಚಳಿಜ್ವರ ಬಂದರೆ ಅಂದೇ ಹೋಗಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಬೆಳಗಾಗಲಿ ಎನ್ನಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ, ಪೈಪ್ ಹಾಕಿ ತೆಗೆಯುತ್ತಾರೆ. ಕುಡಿದರೆ ಬಂದೀತು ಅಂತ ದಾರಿಯಲ್ಲಿ ನೀರು ಕುಡಿಸಬೇಡಿ, ನೋವು ಇನ್ನಷ್ಟು ಹೆಚ್ಚುತ್ತದೆ.