ಬಿಯರ್ ಬಕೆಟ್‌ಗೆ ಒದ್ದೆ ಟೀ ಶರ್ಟ್ ತೊಡಿಸಿ

ಟೆಕ್ಸಾಸ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ನಾನು ಮಾಡಿದ ಬಿಯರ್ ನೇಲ್ ಪಾಲಿಶ್ ರಿಮೂವರ್ ಥರ ನಾರುತ್ತಿತ್ತು. ಎರಡನೇ ಗುಟುಕು ಯಾರೂ ಕುಡಿಯಲಿಲ್ಲ. 19 ಲೀಟರನ್ನೂ ಸಿಂಕ್‌ಗೆ ಸುರಿದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಎಲ್ಲ ಸರಿಯಾಗೇ ಇದ್ದವು. ಗೋಡೆಯ ಥರ್ಮಾಮೀಟರ್ 23 ಡಿಗ್ರಿ ತೋರಿಸುತ್ತಿತ್ತು, ನಾನು ಅದನ್ನೇ ನಂಬಿ ಕೂತಿದ್ದೆ.

ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಹುದುಗುವ ಭರದಲ್ಲಿ ಬಕೆಟ್ ಒಳಗೆ ಕೋಣೆಗಿಂತ 3ರಿಂದ 5 ಡಿಗ್ರಿ ಜಾಸ್ತಿ ಇರಬಹುದು. ಹಾಗಾಗಿ ಅಳೆಯಬೇಕಾದ್ದು ಕೋಣೆಯನ್ನಲ್ಲ, ಬಕೆಟ್ಟನ್ನು.

ಅದಕ್ಕೂ ಮುಂಚೆ ಕಾನೂನಿನ ಮಾತು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು ಅಪರಾಧ. ಈ ಬರಹ ನನ್ನಂತೆ ಹೊರದೇಶದಲ್ಲಿ ಇರುವವರಿಗಾಗಿ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ.

ಯೀಸ್ಟ್ ಯಾವುದು?

ಪೊಟ್ಟಣದ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿರುತ್ತದೆ. ತುಸು ಬೆಚ್ಚಗೆ ಹುದುಗುವ ಏಲ್ ಎಂಬ ಬಗೆಯ ಬಿಯರ್‌ನ ಯೀಸ್ಟ್‌ಗೆ ಸಾಮಾನ್ಯವಾಗಿ 18ರಿಂದ 22, ತಂಪಿನಲ್ಲಿ ಹುದುಗುವ ಲಾಗರ್‌ಗೆ 8ರಿಂದ 13. ಮೊದಲ ಸಲಕ್ಕೆ ಏಲ್ ಸಾಕು. ಲಾಗರ್‌ನ ಸಹವಾಸ ಫ್ರಿಜ್ ಇಲ್ಲದೆ ಬೇಡ. ಜರ್ಮನಿಯ ಬವೇರಿಯಾದವರೇ ಸೆಕೆಗೆ ಸೋತು, 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡಕೂಡದು ಅಂತ ಆಜ್ಞೆ ಹೊರಡಿಸಿದ್ದರು!

ತಣಿಸಿ, ಆಮೇಲೆ ಯೀಸ್ಟ್

ಕುದಿಸಿದ ಮಾಲ್ಟ್ ರಸ 18 ಡಿಗ್ರಿಗೆ ಇಳಿಯಲಿ. ಇಲ್ಲಿ ನಮ್ಮವರು ಎಡವುತ್ತೇವೆ. ಉಗುರು ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಪಳಗಿದ ಕೈ ನೋಡಿ, ರಸ 30 ಡಿಗ್ರಿ ಇರುವಾಗಲೇ ‘ಸಾಕು’ ಅನ್ನುತ್ತದೆ. ಕೈಯ ಮಾತು ಕೇಳಬೇಡಿ, ಥರ್ಮಾಮೀಟರ್ ಅದ್ದಿ. ಅದ್ದುವ ಮುಂಚೆ ಸ್ಯಾನಿಟೈಸ್ ಮಾಡಿ.

ಟಬ್ಬು, ಟೀ ಶರ್ಟು, ಐಸು

ಬಕೆಟ್ಟನ್ನು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿಡಿ. ಬಕೆಟ್‌ನ ಅರ್ಧ ಎತ್ತರಕ್ಕೆ ಬರುವಷ್ಟು ನೀರು ತುಂಬಿ. ಅಷ್ಟು ನೀರು ಸುತ್ತ ಇದ್ದರೆ ಬಿಸಿ ಸರ್ರನೆ ಏರುವುದಿಲ್ಲ. ಈಗ ಹಳೆಯ ಕಾಟನ್ ಟೀ ಶರ್ಟ್ ಒದ್ದೆ ಮಾಡಿ ಬಕೆಟ್‌ಗೆ ತೊಡಿಸಿ, ಅದರ ಅಂಚು ನೀರಿನಲ್ಲಿ ಮುಳುಗಿರಲಿ. ಬಟ್ಟೆ ನೀರನ್ನು ಮೇಲಕ್ಕೆ ಹೀರುತ್ತದೆ, ನೀರು ಆರುವಾಗ ಬಕೆಟ್ ತಣ್ಣಗಾಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೇ ಅಲ್ವಾ? ಎದುರಿಗೆ ಫ್ಯಾನ್ ಇಟ್ಟರೆ ಇನ್ನೂ ಒಳ್ಳೆಯದು. ಗಾಳಿಯಲ್ಲಿ ತೇವ ಜಾಸ್ತಿ ಇರುವ ಹ್ಯೂಸ್ಟನ್‌ನಂಥ ಊರಲ್ಲಿ ಮಾತ್ರ ಫ್ಯಾನ್ ಸುಮ್ನೆ ತಿರುಗುತ್ತದೆ, ಅಲ್ಲಿ ಐಸೇ ಗತಿ.

ವೈರ್ ಇರುವ ಡಿಜಿಟಲ್ ಥರ್ಮಾಮೀಟರ್‌ನ ಸೆನ್ಸರ್ ತುದಿಯನ್ನು ಬಕೆಟ್‌ನ ಹೊರಮೈಗೆ, ರಸದ ಮಟ್ಟಕ್ಕಿಂತ ಕೆಳಗೆ, ಟಬ್ಬಿನ ನೀರಿಗಿಂತ ಮೇಲೆ ಟೇಪ್ ಹಾಕಿ ಅಂಟಿಸಿ. ಅದರ ಮೇಲೊಂದು ದಪ್ಪ ಫೋಮ್ ತುಂಡು. ಇಲ್ಲದಿದ್ದರೆ ಅದು ಒದ್ದೆ ಬಟ್ಟೆಯ ತಂಪನ್ನೇ ಅಳೆಯುತ್ತದೆ.

ನೀರು ತುಂಬಿ ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿದ ಬಾಟಲಿಗಳನ್ನು ಬೆಳಿಗ್ಗೆ ಎರಡು, ರಾತ್ರಿ ಎರಡು ಟಬ್ಬಿಗೆ ಹಾಕಿ. ನಮ್ಮ ಮನೆಯಲ್ಲಿ ಆ ವಾರ ಫ್ರೀಜರ್‌ನಲ್ಲಿ ತುರಿದ ತೆಂಗಿನಕಾಯಿಗೂ ಜಾಗ ಸಿಗುವುದಿಲ್ಲ, ಜಗಳ ಖಾಯಂ. 18 ಡಿಗ್ರಿಗಿಂತ ಕೆಳಗೆ ಹೋದರೆ ಬಾಟಲಿ ತೆಗೆದುಬಿಡಿ. ತೀರಾ ತಂಪಾದರೆ ಯೀಸ್ಟ್ ಮಲಗಿಬಿಡುತ್ತದೆ.

ಮೂರು ದಿನದ ಕಾವಲು

ಕೆಟ್ಟ ವಾಸನೆಗಳು ಹೆಚ್ಚಾಗಿ ಹುಟ್ಟುವುದು ಮೊದಲ 72 ಗಂಟೆಯಲ್ಲಿ. ಅಷ್ಟು ದಿನ 18–19ರಲ್ಲಿ ಹಿಡಿದಿಡಿ. ನೊರೆ ಇಳಿಯತೊಡಗಿದ ಮೇಲೆ ಐಸ್ ನಿಲ್ಲಿಸಿ, 21ರವರೆಗೆ ತಾನಾಗಿ ಏರಲು ಬಿಡಿ. ಬೆಣ್ಣೆಯಂಥ ವಾಸನೆ ಕೊಡುವ ಡೈಅಸಿಟೈಲ್ ಅನ್ನು ಯೀಸ್ಟ್ ಈ ಹೊತ್ತಿನಲ್ಲಿ ತಿಂದು ಮುಗಿಸುತ್ತದೆ.

ಇಷ್ಟೆಲ್ಲ ಆಗದು ಅನ್ನುವವರಿಗೆ ನಾರ್ವೆಯ ಹಳ್ಳಿಗಳ ಕ್ವೈಕ್ ಯೀಸ್ಟ್ ಇದೆ. ಅದಕ್ಕೆ 35 ಡಿಗ್ರಿಯೂ ಲೆಕ್ಕಕ್ಕಿಲ್ಲ. ನಾನು ಜುಲೈಯಲ್ಲಿ ಅದನ್ನೇ ಬಳಸುತ್ತೇನೆ.

ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ, ಮುಚ್ಚಳದ ಮೇಲಿನ ಕೊಳವೆ) ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ. ಚಳಿಗೆ ಯೀಸ್ಟ್ ಮಲಗಿದರೂ ಗುಳ್ಳೆ ನಿಲ್ಲುತ್ತದೆ. ಉಳಿದ ಸಕ್ಕರೆ ಆಮೇಲೆ ಹುದುಗಿದರೆ ಬಾಟಲಿ ಸಿಡಿಯುತ್ತದೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ನೋಡಿ, ಮೂರು ದಿನ ಬಿಟ್ಟು ಮತ್ತೆ ನೋಡಿ. ಸಕ್ಕರೆ ಕರಗುತ್ತಾ ಹೋದಂತೆ ಅಂಕಿ ಇಳಿಯುತ್ತದೆ. 1.050ರಿಂದ ಶುರುವಾದ ಏಲ್ 1.010ರ ಆಸುಪಾಸಿನಲ್ಲಿ ಎರಡು ಸಲವೂ ಒಂದೇ ಅಂಕಿ ತೋರಿಸಿದರೆ ತುಂಬಬಹುದು. 1.025ರಲ್ಲೇ ನಿಂತಿದ್ದರೆ ಬಕೆಟ್ಟನ್ನು ಟಬ್ಬಿನಿಂದ ಎತ್ತಿ, ಮನೆಯೊಳಗೆ ಬೆಚ್ಚಗಿನ ಮೂಲೆಯಲ್ಲಿಟ್ಟು ಇನ್ನೊಂದು ವಾರ ಕಾಯಿರಿ.