ಮೂರೂವರೆ ನಿಮಿಷದ ನಗೆ ಹಾಡು ಕಟ್ಟುವ ಬಗೆ

ಫ್ರಾನ್ಸಿನ ಜಾರ್ಜ್ ಬ್ರಾಸೆನ್ಸ್ (1921–1981) ಒಂದು ಗಿಟಾರ್, ಹಿಂದೆ ಪಿಯೆರ್ ನಿಕೋಲಾ ಅವರ ಡಬಲ್ ಬಾಸ್ ಇಟ್ಟುಕೊಂಡು ಕಥೆ ಹೇಳಿ ನಗಿಸಿದವರು. ತಮ್ಮ ಹಾಡುಗಳನ್ನು ಬೇರೆ ಯಾರಾದರೂ ಹಾಡಲಿ ಎಂದೇ ಅವರು 1952ರಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್‌ನಲ್ಲಿ ಗಾಯಕಿ ಪಟಾಶು ನಡೆಸುತ್ತಿದ್ದ ಕ್ಯಾಬರೆಗೆ ಹೋದದ್ದು. ಕೆಲವನ್ನು ಆಕೆ ಹಾಡಿದರು, ಉಳಿದವನ್ನು ನೀವೇ ಹಾಡಬೇಕು ಎಂದು ಇವರನ್ನೇ ವೇದಿಕೆಗೆ ಹತ್ತಿಸಿದರು. 1967ರಲ್ಲಿ ಫ್ರೆಂಚ್ ಅಕಾಡೆಮಿ ಬ್ರಾಸೆನ್ಸ್ ಅವರಿಗೆ ಕಾವ್ಯದ ದೊಡ್ಡ ಬಹುಮಾನವನ್ನೇ ಕೊಟ್ಟಿತು. ಮಂಗಳೂರು, ಉಡುಪಿಯ ಕಾಲೇಜು ಡೇಗೋ ಸಂಘದ ವಾರ್ಷಿಕೋತ್ಸವಕ್ಕೋ ಅಂಥದೊಂದು ಹಾಡು ಕಟ್ಟುವವರು ಅವರಿಂದ ಕಲಿಯಬೇಕಾದ್ದು ರಾಗವನ್ನಲ್ಲ, ಸಂಗತಿಯನ್ನು ಬಚ್ಚಿಡುವ ಕಲೆಯನ್ನು.

ರೇಡಿಯೋದಲ್ಲಿ ಕೆಲಕಾಲ ನಿಷೇಧವಾಗಿದ್ದ ಅವರ ಗೊರಿಲ್ಲಾ ಹಾಡನ್ನೇ ನೋಡಿ. ಪಂಜರ ತಪ್ಪಿಸಿಕೊಂಡ ಗೊರಿಲ್ಲಾದ ಕೈಗೆ ಕೊನೆಗೆ ಸಿಗುವುದು ಒಬ್ಬ ನ್ಯಾಯಾಧೀಶ. ಅವನ ಅಳು ಯಾರ ಅಳುವಿನ ಹಾಗಿತ್ತು? ಅದೇ ದಿನ ಅವನೇ ತಲೆ ಕಡಿಸಿದ ಮನುಷ್ಯನ ಅಳುವಿನ ಹಾಗೆ. ಈ ಮಾತು ಬರುವುದು ಹಾಡಿನ ತುದಿಯಲ್ಲಿ. ಮೊದಲೇ ಹೇಳಿದ್ದರೆ ಅದು ಮರಣದಂಡನೆ ವಿರುದ್ಧದ ಭಾಷಣವಾಗುತ್ತಿತ್ತು. ಪ್ರತಿ ನುಡಿಯ ಕೊನೆಗೆ ಅದೇ ಒಂದು ಚಿಕ್ಕ ಎಚ್ಚರಿಕೆಯ ಸಾಲು ಬರುತ್ತದೆ. ಕಥೆ ಮುಂದೆ ಹೋದಂತೆ ಆ ಸಾಲಿನ ಅರ್ಥ ಮಾತ್ರ ಬದಲಾಗುತ್ತದೆ.

ಹಾಗಾಗಿ ಮೊದಲು ಬರೆಯಬೇಕಾದ್ದು ಕೊನೆಯ ನುಡಿ. ಕಥೆಗೆ ನಮ್ಮಲ್ಲೇ ಸಿದ್ಧ ಚೌಕಟ್ಟುಗಳುಂಟು. ಮದುವೆ ಊಟದ ಪಂಕ್ತಿಗಿಂತ ಒಳ್ಳೆಯದು ಬೇಕಿಲ್ಲ: ಕೋಸಂಬರಿ, ಸಾರು, ಕೊದ್ದೆಲ್, ಹೋಳಿಗೆ, ಪಾಯಸ; ಬಡಿಸುವ ಕ್ರಮವೇ ನುಡಿಗಳ ಕ್ರಮ. ಒಬ್ಬ ಕುಳಿತಿದ್ದಾನೆ, ಬಡಿಸಿದ್ದಕ್ಕೆಲ್ಲ ಕೊಂಕು ತೆಗೆಯುತ್ತಾನೆ, ಪ್ರತಿ ಸಲವೂ 'ನಮ್ಮಲ್ಲಿ ಹೀಗಲ್ಲ ಮಾರಾಯ್ರೆ' ಎನ್ನುತ್ತಾನೆ. ಕೊನೆಗೆ ಹೆಣ್ಣಿನ ತಂದೆ ಬಂದು, 'ನೀವು ಹೋಗಬೇಕಾದ ಮದುವೆ ಮೇಲಿನ ಹಾಲ್‌ನಲ್ಲಿ' ಎಂದು ಮೆಲ್ಲಗೆ ತಿಳಿಸುತ್ತಾರೆ. ಅವನು ಎದ್ದು ನಿಲ್ಲುತ್ತಾನೆ. ಅವರು ಹೆಗಲು ಒತ್ತಿ ಕೂರಿಸಿ, ಇನ್ನೊಂದು ಹೋಳಿಗೆ ಹಾಕಿಸಿ, ಅದೇ ಸಾಲು ಹೇಳುತ್ತಾರೆ: ಉಣ್ಣುವವರನ್ನು ಎಬ್ಬಿಸುವುದೇ, 'ನಮ್ಮಲ್ಲಿ ಹೀಗಲ್ಲ ಮಾರಾಯ್ರೆ'. ಸಾಲಿನ ಒಡೆಯ ಬದಲಾದಾಗ ನಗು ತಾನಾಗಿ ಬರುತ್ತದೆ. ಸುಳಿವು ಒಂದೇ ಸಾಕು: ಬಾಗಿಲ ಬೋರ್ಡು ಓದುವಾಗ ಕನ್ನಡಕ ಕಿಸೆಯಲ್ಲಿತ್ತು ಎಂದು ಮೊದಲ ನುಡಿಯಲ್ಲಿ ಹೇಳಿ ಬಿಟ್ಟುಬಿಡಿ. ಎರಡು ಸುಳಿವು ಕೊಟ್ಟರೆ ಸಾರು ಬರುವಷ್ಟರಲ್ಲಿ ಸಭೆಗೆ ಗುಟ್ಟು ಗೊತ್ತಾಗಿರುತ್ತದೆ.

ಅಳತೆ ಹೀಗಿರಲಿ. ಏಳು ನುಡಿ, ನುಡಿಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ (ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಕಾಲ, ಗಣ ಎಂದರೆ ಮಾತ್ರೆಗಳ ಗುಂಪು). ತಾಳದ ಏಟು ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 100 ಏಟಿಗೆ ಇಟ್ಟು ಏಟಿಗೆ ಎರಡು ಮಾತ್ರೆ ಹಾಕಿದರೆ ಸಾಲಿಗೆ ಸುಮಾರು 5 ಸೆಕೆಂಡು, ನುಡಿಗೆ 20. ಪ್ರತಿ ನುಡಿಯ ಕೊನೆಗೆ ಪಲ್ಲವಿಗೂ ಉಸಿರಿಗೂ 8 ಸೆಕೆಂಡು ಕೊಟ್ಟರೆ ಒಟ್ಟು ಮೂರೂಕಾಲು ನಿಮಿಷ, ನಗೆಗೆ ಒಂದಿಷ್ಟು ಜಾಗ.

ಕನ್ನಡದಲ್ಲಿ ಹೆಚ್ಚಿನವರು ಎಡವುವುದು ಪ್ರಾಸದಲ್ಲಿ. ನಮ್ಮ ಕ್ರಿಯಾಪದ ವಾಕ್ಯದ ತುದಿಗೇ ಬರುವುದರಿಂದ ಅಂತ್ಯಪ್ರಾಸ ಹಿಡಿದು ಹೊರಟರೆ ಬಂದನು, ತಿಂದನು, ಎಂದನು ಎಂದು ಮೂರೇ ನುಡಿಗೆ ಕಿವಿ ಬಳಲುತ್ತದೆ. ಮುಂದಿನ ಪದ ಏನೆಂದು ಕೇಳುವವನೇ ಹೇಳಿಬಿಡುತ್ತಾನೆ, ಚಮತ್ಕಾರ ಸತ್ತಿತು. ಅದರ ಬದಲು ಹಳಬರ ಆದಿಪ್ರಾಸ, ಅಂದರೆ ಸಾಲಿನ ಎರಡನೇ ಅಕ್ಷರದ ವ್ಯಂಜನ ಕೂಡಿಸುವುದು, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು:

ಎಲೆಯಲಿ ಬಿದ್ದಿತು ಬಿಸಿಬಿಸಿ ಪಾಯಸ
ಬಲಗೈ ನೆಕ್ಕಿದ, ಮೋರೆಯ ಕಿವುಚಿದ

ಇಲ್ಲಿ ಪ್ರಾಸ ಸಾಲಿನ ಬಾಯಲ್ಲೇ ಮುಗಿಯಿತು, ಹಾಗಾಗಿ ತುದಿ ಯಾವ ಪದಕ್ಕಾದರೂ ತೆರೆದಿದೆ. ಎರಡು ಸಾಲಿಗೊಮ್ಮೆ ಪ್ರಾಸಾಕ್ಷರ ಬದಲಿಸಬಹುದು. ಪಲ್ಲವಿಗೆ ಪ್ರಾಸವೂ ಬೇಡ, ರಾಗವೂ ಬೇಡ. ತಾಳ ನಿಲ್ಲಿಸಿ ಮಾತಿನಂತೆ ಹೇಳಿ.

ರಾಗ ಸಪ್ಪೆಯಿದ್ದಷ್ಟೂ ಒಳ್ಳೆಯದು. ಐದಾರು ಸ್ವರಗಳೊಳಗೆ ಮುಗಿಸಿ. ಅಕ್ಷರಕ್ಕೊಂದು ಸ್ವರ, ಗಮಕ ಬೇಡವೇ ಬೇಡ. ಹ್ರಸ್ವಾಕ್ಷರವನ್ನು ಎಳೆದರೆ ಬಳೆ ಹೋಗಿ ಬಾಳೆಯಾಗುತ್ತದೆ, ಕರು ಕಾರಾಗುತ್ತದೆ. ಸಭಿಕ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಸಾಲು ದಾಟಿರುತ್ತದೆ. ಗಿಟಾರಿಗೆ ಜಿ, ಸಿ, ಡಿ ಕಾರ್ಡುಗಳು (ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ಸಾಕು. ಹಾರ್ಮೋನಿಯಂ ಆದರೆ ಷಡ್ಜ, ಪಂಚಮ ಹಿಡಿದು ತಿದಿಯನ್ನು ಮೆಲ್ಲಗೆ ಒತ್ತಿ. ಕರಾವಳಿಯ ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿಡಿ. ಹೊಸ ತಂತಿಯನ್ನು ಕಾರ್ಯಕ್ರಮದ ದಿನ ಹಾಕಬೇಡಿ, ಹಿಗ್ಗಿ ಶ್ರುತಿ ಇಳಿಯುತ್ತದೆ.

ನಿರೂಪಣೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ, ಪಾತ್ರದ ಬಾಯಲ್ಲಿ ಮಾತ್ರ ಊರಿನ ಮಾತು. ಕುಂದಾಪುರದವನಾದರೆ ಕುಂದಾಪ್ರ ಕನ್ನಡ, ಮಂಗಳೂರಿನವನಾದರೆ 'ಎಂತ', 'ಉಂಟು'. ಭಾಷೆಯನ್ನೇ ಗೇಲಿ ಮಾಡಿ ನಗಿಸುವುದು ಸೋಮಾರಿಗಳ ದಾರಿ.

ಹಾಡುವಾಗ ಯಕ್ಷಗಾನದ ಹಾಸ್ಯಗಾರನನ್ನಲ್ಲ, ಭಾಗವತರನ್ನು ನೆನಪಿಟ್ಟುಕೊಳ್ಳಿ. ರಂಗದಲ್ಲಿ ಏನೇ ನಡೆಯಲಿ, ಅವರ ಮುಖ ಅಲ್ಲಾಡದು. ನೀವೇ ಮೊದಲು ನಕ್ಕರೆ ಸಭೆಗೆ ನಗಲು ಏನೂ ಉಳಿಯುವುದಿಲ್ಲ. ಮೈಕ್ ಬಾಯಿಂದ ನಾಲ್ಕು ಬೆರಳಿನ ದೂರದಲ್ಲಿರಲಿ. ಎಕೋ ತೆಗೆಸಿ, ನಮ್ಮ ಸೌಂಡಿನವರು ಕೇಳದೆಯೇ ಹಾಕುತ್ತಾರೆ. ನಗು ಬಂದಲ್ಲಿ ಕಾರ್ಡು ಸುತ್ತುತ್ತಾ ಕಾಯಿರಿ, ಅದು ಇಳಿಯತೊಡಗಿದಾಗ ಮುಂದಿನ ಸಾಲು ಎತ್ತಿಕೊಳ್ಳಿ. ಬರದಿದ್ದರೆ ಕಾಯದೆ ಮುಂದೆ ಹೋಗಿ.

ನಿರ್ವಾಹಕರು ಚೀಟಿ ಕಳಿಸಿ ಬೇಗ ಮುಗಿಸಿ ಎಂದರೆ ಕೊದ್ದೆಲಿನ ನುಡಿ ಬಿಡಿ, ಆಮೇಲೆ ಸಾರಿನದು. ಕನ್ನಡಕದ ನುಡಿಯನ್ನು ಮಾತ್ರ ಬಿಡಬೇಡಿ.